ಅಗಾಥಾ ಕ್ರಿಸ್ಟಿ: ರೈಲು ಹತ್ತಿದ ಒಂಟಿ ಹೆಣ್ಣು, ಕಿಟಕಿಯಾಚೆ ಉಳಿದುಹೋದವರು

ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಬಾಗ್ದಾದ್‌ಗೆ ಹೊರಟ ಲೇಖಕಿಯ ಪಯಣಗಳು ಜಗತ್ತಿನ ಅತಿ ಜನಪ್ರಿಯ ಪತ್ತೇದಾರಿ ಕಾದಂಬರಿಗಳಾದವು. ಆ ಪಯಣಗಳಿಗೆ ದಾರಿ ಮಾಡಿಕೊಟ್ಟವರು ಯಾರು? ಅವರಿಗೆ ಕತೆಯೊಳಗೆ ಜಾಗ ಸಿಕ್ಕಿತಾ?

'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಅಂದ ಕೂಡಲೇ ನೆನಪಾಗುವುದು ಹಿಮದಲ್ಲಿ ಸಿಕ್ಕಿಹಾಕಿಕೊಂಡ ರೈಲು, ಬೋಗಿಯೊಳಗೊಂದು ಹೆಣ, ಮೀಸೆ ತೀಡುವ ಪತ್ತೇದಾರ ಹರ್ಕ್ಯೂಲ್ ಪ್ವಾರೋ. ಆದರೆ ಕಾದಂಬರಿ ಶುರುವಾಗುವುದು ಯುರೋಪಿನಲ್ಲಲ್ಲ. ಸಿರಿಯಾದ ಅಲೆಪ್ಪೊ ಸ್ಟೇಷನ್ನಿನಲ್ಲಿ, ಚಳಿಗಾಲದ ಬೆಳಗಿನ ಜಾವ ಐದು ಗಂಟೆಗೆ. ಅಲ್ಲಿ ಫ್ರೆಂಚ್ ಸೇನೆಯ ಲೆಫ್ಟಿನೆಂಟ್ ಒಬ್ಬ ಚಳಿಯಲ್ಲಿ ನಡುಗುತ್ತಾ ಪ್ವಾರೋನನ್ನು ಬೀಳ್ಕೊಡಲು ನಿಂತಿದ್ದಾನೆ.

ಸಿರಿಯಾದ ಪ್ಲಾಟ್‌ಫಾರಂನಲ್ಲಿ ಫ್ರೆಂಚ್ ಸೈನಿಕನಿಗೇನು ಕೆಲಸ? ಕಾದಂಬರಿ ಇದಕ್ಕೆ ಉತ್ತರ ಹೇಳುವುದಿಲ್ಲ, ಯಾಕಂದ್ರೆ 1934ರ ಇಂಗ್ಲಿಷ್ ಓದುಗರಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ಸಾಮ್ರಾಜ್ಯ ಸೋತಿತ್ತು. ಸಿರಿಯಾವನ್ನು ಫ್ರಾನ್ಸ್, ಇರಾಕ್ ಮತ್ತು ಪ್ಯಾಲೆಸ್ತೀನನ್ನು ಬ್ರಿಟನ್ 'ಮ್ಯಾಂಡೇಟ್' ಎಂಬ ಹೆಸರಿನಲ್ಲಿ ಹಂಚಿಕೊಂಡಿದ್ದವು. ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಜಗತ್ತಿನ ದೊಡ್ಡ ಭಾಗ ಈ ಹಂಚಿಕೆಯ ನೆಲದ ಮೇಲೆ ನಿಂತಿದೆ. ಆಕೆಯ ಬದುಕನ್ನು ಆಕೆ ಓಡಾಡಿದ ಊರುಗಳ ಮೂಲಕ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಒಬ್ಬ ಹೆಣ್ಣಿನ ಬಿಡುಗಡೆಯ ಕತೆ ಮತ್ತು ಒಂದು ಸಾಮ್ರಾಜ್ಯದ ಕತೆ ಎರಡೂ ಇಲ್ಲಿ ಒಂದೇ ಹಳಿಯ ಮೇಲೆ ಓಡುತ್ತವೆ.

ಕೈರೋದ ಕುಣಿತ, ಟಾರ್ಕಿಯ ವಿಷ

ಅಗಾಥಾ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ಕಡಲತೀರದ ಊರು ಟಾರ್ಕಿಯಲ್ಲಿ. ಅಪ್ಪ ಫ್ರೆಡರಿಕ್ ಮಿಲ್ಲರ್ ಅಮೆರಿಕದವರು, ಪಿತ್ರಾರ್ಜಿತ ಆಸ್ತಿಯ ಆದಾಯದಲ್ಲಿ ಆರಾಮಾಗಿ ಬದುಕಿದವರು. 1901ರಲ್ಲಿ ಅವರು ತೀರಿಕೊಂಡಾಗ ಅಗಾಥಾಗೆ ಹನ್ನೊಂದು ವರ್ಷ. ಹೊತ್ತಿಗೆ ಆದಾಯವೂ ಕರಗಿತ್ತು. ಮಗಳನ್ನು ಮದುವೆಯ ವಯಸ್ಸಿನಲ್ಲಿ ಲಂಡನ್ನಿನ ಸಿರಿವಂತ ಸಮಾಜಕ್ಕೆ ಪರಿಚಯಿಸುವಷ್ಟು ದುಡ್ಡು ಅಮ್ಮ ಕ್ಲಾರಾ ಅವರ ಹತ್ತಿರ ಇರಲಿಲ್ಲ. ಅವರು ಕಂಡುಕೊಂಡ ದಾರಿ ಕೈರೋ. ಬ್ರಿಟಿಷರ ಹಿಡಿತದಲ್ಲಿದ್ದ ಈಜಿಪ್ಟಿನಲ್ಲಿ ಚಳಿಗಾಲ ಕಳೆಯುವುದು ಲಂಡನ್ನಿಗಿಂತ ಅಗ್ಗ. ಸೇನಾಧಿಕಾರಿಗಳು, ಪಾರ್ಟಿಗಳು, ನೃತ್ಯಕೂಟಗಳು ಎಲ್ಲವೂ ಅಲ್ಲೇ ಸಿಗುತ್ತಿದ್ದವು. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟು ತಾಯಿ ಮಗಳು ಮೂರು ತಿಂಗಳು ಕೈರೋದಲ್ಲಿ ಉಳಿದರು.

ಹುಡುಗಿಗೆ ಪಿರಮಿಡ್ಡುಗಳಲ್ಲಿ ಆಸಕ್ತಿ ಇರಲಿಲ್ಲ. ಅಮ್ಮ ಲಕ್ಸರ್ ನೋಡಿಕೊಂಡು ಬರೋಣ ಅಂದರೂ ಒಲ್ಲೆ ಅಂದವರು ಅಗಾಥಾ. ಅವರಿಗೆ ಬೇಕಾಗಿದ್ದು ಕುಣಿತ, ಹೊಸ ಬಟ್ಟೆ, ಗೆಳೆಯರು. ಆದರೂ ಊರಿಗೆ ವಾಪಸಾದ ಮೇಲೆ ಬರೆದ ಮೊದಲ ಕಾದಂಬರಿಗೆ ಕೈರೋದ ಹೋಟೆಲನ್ನೇ ಹಿನ್ನೆಲೆಯಾಗಿ ಆರಿಸಿಕೊಂಡರು. 'ಸ್ನೋ ಅಪಾನ್ ದಿ ಡೆಸರ್ಟ್' ಎಂಬ ಆ ಬರಹ ಅಚ್ಚಾಗಲೇ ಇಲ್ಲ. ಹೋಟೆಲ್ ಊಟದ ಕೋಣೆಯಲ್ಲಿ ಪಕ್ಕದ ಮೇಜಿನವರನ್ನು ಗಮನಿಸುತ್ತಾ ಅವರಿಗೊಂದು ಕತೆ ಕಟ್ಟುವ ಅಭ್ಯಾಸ ಮಾತ್ರ ಜೀವನವಿಡೀ ಉಳಿಯಿತು.

1914ರ ಕ್ರಿಸ್ಮಸ್ ಹಿಂದಿನ ದಿನ ವಾಯುಪಡೆಯ ಅಧಿಕಾರಿ ಆರ್ಚಿ ಕ್ರಿಸ್ಟಿ ಜತೆ ಮದುವೆ. ಆರ್ಚಿ ಹುಟ್ಟಿದ್ದು ಆಗಿನ ಬ್ರಿಟಿಷ್ ಇಂಡಿಯಾದ ಪೇಶಾವರದಲ್ಲಿ. ಗಂಡ ಯುದ್ಧಕ್ಕೆ ಹೋದಾಗ ಅಗಾಥಾ ಟಾರ್ಕಿಯ ಆಸ್ಪತ್ರೆಯಲ್ಲಿ ಮೊದಲು ನರ್ಸ್ ಆಗಿ, ಆಮೇಲೆ ಔಷಧ ವಿತರಣೆಯ ವಿಭಾಗದಲ್ಲಿ ದುಡಿದರು. ಯಾವ ಔಷಧ ಎಷ್ಟು ಪ್ರಮಾಣ ಮೀರಿದರೆ ವಿಷವಾಗುತ್ತದೆ ಎಂಬ ಲೆಕ್ಕ ಅಲ್ಲಿ ಕಲಿತದ್ದು. ಜರ್ಮನ್ ದಾಳಿಗೆ ಮನೆಮಠ ಬಿಟ್ಟು ಓಡಿಬಂದ ಬೆಲ್ಜಿಯಂ ನಿರಾಶ್ರಿತರು ಅದೇ ಊರಿನಲ್ಲಿ ತಂಗಿದ್ದರು. ಅವರನ್ನು ನೋಡಿಯೇ ಅಗಾಥಾಗೆ ತಮ್ಮ ಪತ್ತೇದಾರ ಸಿಕ್ಕಿದ್ದು. ಇವತ್ತು ವಲಸಿಗರ ಬಗ್ಗೆ ಹಲ್ಲು ಕಡಿಯುವವರೂ ಮೆಚ್ಚಿ ಓದುವ ಹರ್ಕ್ಯೂಲ್ ಪ್ವಾರೋ ಒಬ್ಬ ನಿರಾಶ್ರಿತ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳೋಣ.

ಸಾಮ್ರಾಜ್ಯದ ಖರ್ಚಿನಲ್ಲಿ ವಿಶ್ವ ಪರ್ಯಟನೆ

1922ರ ಜನವರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಹಡಗು ಹತ್ತಿದರು. 1924ಕ್ಕೆ ಲಂಡನ್ನಿನ ವೆಂಬ್ಲಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೊಡ್ಡ ವಸ್ತುಪ್ರದರ್ಶನ ನಡೆಯಬೇಕಿತ್ತು. ಅದಕ್ಕೆ ವಸಾಹತುಗಳ ಬೆಂಬಲ ಕೇಳಲು ಮೇಜರ್ ಬೆಲ್ಚರ್ ಎಂಬಾತನ ಮುಂದಾಳತ್ವದಲ್ಲಿ ಒಂದು ನಿಯೋಗ ಹೊರಟಿತ್ತು, ಅದರಲ್ಲಿ ಆರ್ಚಿಗೆ ಕೆಲಸ ಸಿಕ್ಕಿತ್ತು. ಎರಡು ವರ್ಷದ ಮಗಳು ರೋಸಲಿಂಡ್‌ಳನ್ನು ತವರಿನಲ್ಲಿ ಬಿಟ್ಟು ಅಗಾಥಾ ಜತೆಗೆ ಹೋದರು. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಡುವೆ ರಜೆಗೆಂದು ಹವಾಯಿ, ಆಮೇಲೆ ಕೆನಡಾ. ಸುಮಾರು ಹತ್ತು ತಿಂಗಳ ಸುತ್ತಾಟ. ದಕ್ಷಿಣ ಆಫ್ರಿಕದ ಕಡಲಲ್ಲಿ, ಆಮೇಲೆ ಹವಾಯಿಯಲ್ಲಿ ಅಗಾಥಾ ಹಲಗೆ ಹಿಡಿದು ಅಲೆಗಳ ಮೇಲೆ ಸವಾರಿ ಮಾಡುವುದನ್ನೂ ಕಲಿತರು.

ಈ ಪಯಣ 1924ರಲ್ಲಿ 'ದಿ ಮ್ಯಾನ್ ಇನ್ ದಿ ಬ್ರೌನ್ ಸೂಟ್' ಆಗಿ ಬಂತು. ಹಡಗಿನ ಡೆಕ್ಕು, ಸಮುದ್ರ ರೋಗದ ವಾಂತಿ, ಕೇಪ್‌ಟೌನ್, ವಿಕ್ಟೋರಿಯಾ ಜಲಪಾತದತ್ತ ಹೋಗುವ ರೈಲು ಎಲ್ಲವೂ ಕಂಡದ್ದೇ. ಸಿಡುಕು ಸ್ವಭಾವದ ಬೆಲ್ಚರ್ ತನ್ನನ್ನೂ ಕಾದಂಬರಿಗೆ ಸೇರಿಸು ಅಂತ ದುಂಬಾಲು ಬಿದ್ದಿದ್ದ, ಅವನ ಛಾಯೆಯ ಪಾತ್ರವೂ ಅದರಲ್ಲಿದೆ.

ಇಲ್ಲೇ ಒಂದು ವಿಷಯ ಗಮನಿಸಬೇಕು. ಕ್ರಿಸ್ಟಿ ದಂಪತಿ ದಕ್ಷಿಣ ಆಫ್ರಿಕದಲ್ಲಿದ್ದ ಹೊತ್ತಿಗೇ ಜೊಹಾನ್ಸ್‌ಬರ್ಗ್ ಸುತ್ತಮುತ್ತ 'ರ‍್ಯಾಂಡ್ ಬಂಡಾಯ' ನಡೆಯಿತು. ಚಿನ್ನದ ಗಣಿ ಮಾಲೀಕರು ಬಿಳಿಯ ಕಾರ್ಮಿಕರ ಬದಲು ಕಡಿಮೆ ಕೂಲಿಗೆ ಕಪ್ಪು ಕಾರ್ಮಿಕರನ್ನು ತರಲು ಹೊರಟಾಗ ಬಿಳಿಯ ಕಾರ್ಮಿಕರು ಮುಷ್ಕರಕ್ಕಿಳಿದರು. ಸರ್ಕಾರ ಸೇನೆ ನುಗ್ಗಿಸಿತು, ವಿಮಾನದಿಂದ ಬಾಂಬ್ ಹಾಕಿಸಿತು. ಸತ್ತವರ ಸಂಖ್ಯೆ 200ರ ಆಸುಪಾಸು. ವರ್ಗ ಮತ್ತು ವರ್ಣ ಎರಡೂ ಗೋಜಲಾಗಿ ಹೆಣೆದುಕೊಂಡ ಘಟನೆ ಅದು. ಕೂಲಿಗಾಗಿ ಹೋರಾಡುತ್ತಿದ್ದವರು ತಮಗಿಂತ ಕೆಳಗೆ ತಳ್ಳಲ್ಪಟ್ಟವರ ವಿರುದ್ಧವೇ ನಿಂತಿದ್ದರು. ಕಾದಂಬರಿಯಲ್ಲಿ ಈ ಬಂಡಾಯ ಇದೆ, ಆದರೆ ತೆರೆಮರೆಯಲ್ಲಿ ಕೂತು ಆಯುಧ ಮಾರುವ ಒಬ್ಬ ಖದೀಮನ ಸಂಚಾಗಿ! ಜನ ಬೀದಿಗಿಳಿದರೆ ಹಿಂದೆ ಯಾರದೋ ಕೈವಾಡ ಇರಲೇಬೇಕು ಎಂಬ ಈ ವಾದ ನಮಗೇನೂ ಹೊಸದಲ್ಲ ಅಲ್ವಾ? ನಮ್ಮ ಟಿವಿ ಸ್ಟುಡಿಯೋಗಳಲ್ಲಿ ಪ್ರತಿ ಪ್ರತಿಭಟನೆಯ ಸಂಜೆ ಕೇಳುವುದು ಇದನ್ನೇ.

ಹನ್ನೊಂದು ದಿನ ಮತ್ತು ಒಂದು ಟಿಕೆಟ್

1926 ಅಗಾಥಾ ಬದುಕಿನ ಕರಾಳ ವರ್ಷ. ಅಮ್ಮ ತೀರಿಕೊಂಡರು. ತವರು ಮನೆಯ ಸಾಮಾನು ಸರಂಜಾಮು ಒಬ್ಬರೇ ಖಾಲಿ ಮಾಡುತ್ತಾ ಕುಸಿದಿದ್ದ ಹೊತ್ತಿನಲ್ಲಿ ಗಂಡ ಬಂದು, ತಾನು ನ್ಯಾನ್ಸಿ ನೀಲ್ ಎಂಬಾಕೆಯನ್ನು ಪ್ರೀತಿಸುತ್ತಿದ್ದೇನೆ, ವಿಚ್ಛೇದನ ಬೇಕು ಎಂದ. ಡಿಸೆಂಬರ್ 3ರ ರಾತ್ರಿ ಅಗಾಥಾ ಕಾರು ತೆಗೆದುಕೊಂಡು ಹೊರಟುಹೋದರು. ಕಾರು ಸಿಕ್ಕಿತು, ಆಕೆ ಸಿಗಲಿಲ್ಲ. ಪೊಲೀಸರು, ಸಾವಿರಾರು ಸ್ವಯಂಸೇವಕರು ಹೊಲ ಕೆರೆಗಳನ್ನು ಜಾಲಾಡಿದರು. ಹನ್ನೊಂದು ದಿನದ ಮೇಲೆ ಹ್ಯಾರೊಗೇಟ್ ಊರಿನ ಹೋಟೆಲೊಂದರಲ್ಲಿ ಪತ್ತೆಯಾದರು. ಅಲ್ಲಿ ಬರೆಸಿದ್ದ ಹೆಸರು ಶ್ರೀಮತಿ ತೆರೆಸಾ ನೀಲ್, ಊರು ಕೇಪ್‌ಟೌನ್. ಗಂಡನ ಪ್ರೇಯಸಿಯ ಅಡ್ಡಹೆಸರು, ತಾನು ಕಂಡುಬಂದ ದೂರದ ಊರು.

ಪತ್ರಿಕೆಗಳು ಆಕೆಯನ್ನು ಹಿಂಡಿ ಹಿಪ್ಪೆ ಮಾಡಿದವು. ಪ್ರಚಾರದ ಗಿಮಿಕ್ ಅಂದರು, ನಾಟಕ ಅಂದರು. ಆ ಹನ್ನೊಂದು ದಿನಗಳ ಬಗ್ಗೆ ಅಗಾಥಾ ತಮ್ಮ ಆತ್ಮಕತೆಯಲ್ಲೂ ಬಾಯಿ ಬಿಡಲಿಲ್ಲ. 1928ರಲ್ಲಿ ವಿಚ್ಛೇದನ ಆಯಿತು. ಆಗ ಅವರಿಗೆ 38 ವರ್ಷ, ಮಗಳು ಬೋರ್ಡಿಂಗ್ ಶಾಲೆಯಲ್ಲಿ.

ಆ ಶರತ್ಕಾಲ ಅವರು ವೆಸ್ಟ್ ಇಂಡೀಸ್‌ಗೆ ಹೋಗಲು ಟಿಕೆಟ್ ಮಾಡಿಸಿದ್ದರು. ಹೊರಡಲು ಎರಡು ದಿನ ಇರುವಾಗ ಒಂದು ಊಟದ ಕೂಟದಲ್ಲಿ, ಆಗಷ್ಟೇ ಬಾಗ್ದಾದಿನಿಂದ ಬಂದಿದ್ದ ದಂಪತಿ ಸಿಕ್ಕರು. ಅಲ್ಲಿಗೆ ಹಡಗಿನಲ್ಲೇ ಹೋಗಬೇಕಿಲ್ಲ, ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲೂ ಹೋಗಬಹುದು ಅಂತ ಗೊತ್ತಾಗಿದ್ದೇ ತಡ, ಮರುದಿನ ಟಾಮಸ್ ಕುಕ್ ಕಚೇರಿಗೆ ಹೋಗಿ ಟಿಕೆಟ್ ಬದಲಾಯಿಸಿದರು. ಜತೆಗೆ ಯಾರೂ ಇಲ್ಲ. ಗಂಡ ಬಿಟ್ಟ ಹೆಂಗಸು, ಪತ್ರಿಕೆಗಳು ಆಡಿಕೊಂಡ ಹೆಂಗಸು, ಒಬ್ಬಳೇ ಖಂಡ ದಾಟಿ ಹೊರಟಳು. ಇವತ್ತು ಸೋಲೋ ಟ್ರಿಪ್ ಅಂತ ನಾವು ಸಲೀಸಾಗಿ ಹೇಳುವುದನ್ನು ಅವರು ಮಾಡಿದ್ದು ಹೆಚ್ಚುಕಡಿಮೆ ನೂರು ವರ್ಷದ ಹಿಂದೆ.

ಮೊದಲ ಪಯಣದಲ್ಲಿ ತಿಗಣೆ ಕಚ್ಚಿ ಜ್ವರ ಬಂದಿತ್ತು. ಆದರೂ ಇಸ್ತಾಂಬುಲ್ ದಾಟಿ ಟಾರಸ್ ಬೆಟ್ಟಗಳ ಕಣಿವೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಮರುಳಾದರು. ಡಮಾಸ್ಕಸ್‌ನಿಂದ ಬಾಗ್ದಾದ್‌ಗೆ ನ್ಯೂಜಿಲೆಂಡಿನ ನೇರ್ನ್ ಸಹೋದರರು ಓಡಿಸುತ್ತಿದ್ದ ಬಸ್ಸಿನಲ್ಲಿ 48 ಗಂಟೆ ಮರಳುಗಾಡು. ಬಾಗ್ದಾದಿನಲ್ಲಿ ಬ್ರಿಟಿಷ್ ಮೇಮ್‌ಸಾಬರ ಟೀ, ಟೆನಿಸ್, ಕ್ಲಬ್ಬುಗಳ ಲೋಕ ಕೈಬೀಸಿ ಕರೆಯಿತು. ಇಂಗ್ಲೆಂಡಿನಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲೂ ಅದೇ ಇಂಗ್ಲೆಂಡ್! ಆದಷ್ಟು ಬೇಗ ಅಲ್ಲಿಂದ ಜಾಗ ಖಾಲಿ ಮಾಡಿ ದಕ್ಷಿಣಕ್ಕೆ, ಪ್ರಾಚೀನ ಸುಮೇರಿಯದ 'ಉರ್' ನಗರವನ್ನು ಲಿಯೊನಾರ್ಡ್ ವೂಲಿ ಅಗೆಸುತ್ತಿದ್ದ ಜಾಗಕ್ಕೆ ಹೋದರು. ವೂಲಿಯ ಹೆಂಡತಿ ಕ್ಯಾಥರೀನ್ ಆಗಷ್ಟೇ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಓದಿ ಮೆಚ್ಚಿದ್ದರು. ಹಾಗಾಗಿ ಲೇಖಕಿಗೆ ರಾಜೋಪಚಾರ.

1930ರಲ್ಲಿ ಮತ್ತೆ ಅಲ್ಲಿಗೇ ಹೋದಾಗ ವೂಲಿಯ ಸಹಾಯಕ ಮ್ಯಾಕ್ಸ್ ಮ್ಯಾಲೊವನ್ ಅವರಿಗೆ ಅತಿಥಿಯನ್ನು ಊರು ತೋರಿಸುವ ಕೆಲಸ ಬಿತ್ತು. ದಾರಿಯಲ್ಲಿ ಕಾರು ಮರಳಿನಲ್ಲಿ ಹೂತುಹೋಯಿತು. ಗೋಳಾಡುವುದು ಬಿಟ್ಟು ಅಗಾಥಾ ಕಾರಿನ ನೆರಳಿನಲ್ಲಿ ಮಲಗಿ ನಿದ್ದೆಹೋದರು. ಈಕೆ ಜತೆಗೆ ಬಾಳಬಹುದು ಅಂತ ಮ್ಯಾಕ್ಸ್ ನಿರ್ಧರಿಸಿದ್ದು ಆಗಲೇ. ಅವರಿಗೂ ಅಗಾಥಾಗೂ ಹೆಚ್ಚುಕಮ್ಮಿ 14 ವರ್ಷ ಅಂತರ, ಆಕೆಯೇ ದೊಡ್ಡವರು. ಅದೇ ವರ್ಷ ಸೆಪ್ಟೆಂಬರ್ 11ರಂದು ಎಡಿನ್‌ಬರೋದಲ್ಲಿ ಮದುವೆಯಾದರು.

ಕಂಡದ್ದು ಕತೆಯಾದ ಬಗೆ

ಅಲ್ಲಿಂದ ಮುಂದೆ ಪ್ರತಿ ಚಳಿಗಾಲ ಇರಾಕ್ ಅಥವಾ ಸಿರಿಯಾ. 1931ರಲ್ಲಿ ನಿನೆವೆಯ ಉತ್ಖನನಕ್ಕೆ ಗಂಡನ ಜತೆ ಹೋದಾಗ ಮೋಸುಲ್ ಬಜಾರಿನಲ್ಲಿ 10 ಪೌಂಡ್ ಕೊಟ್ಟು ಒಂದು ಮೇಜು ಕೊಂಡರು. ಶಿಬಿರದ ಮುಖ್ಯಸ್ಥನಿಗೆ ಅದು ದುಂದುಗಾರಿಕೆ ಅನಿಸಿತು. ಆಕೆಗೆ ಅದು ದುಡಿಮೆಯ ಸಲಕರಣೆ.

ಆ ಡಿಸೆಂಬರಿನಲ್ಲಿ ಒಬ್ಬರೇ ಊರಿಗೆ ಮರಳುವಾಗ ಓರಿಯಂಟ್ ಎಕ್ಸ್‌ಪ್ರೆಸ್ ಮಳೆ, ಪ್ರವಾಹಕ್ಕೆ ಸಿಕ್ಕಿ ಹಳಿಯ ಮೇಲೇ ನಿಂತಿತು. ಗಂಡನಿಗೆ ಬರೆದ ಪತ್ರದಲ್ಲಿ ಅಗಾಥಾ ಸಹಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಬಣ್ಣಿಸಿದ್ದರು. ಬಾಯಿ ಮುಚ್ಚದ ಅಮೆರಿಕನ್ ಹೆಂಗಸು, ಸ್ಕ್ಯಾಂಡಿನೇವಿಯಾದ ಮಿಷನರಿಗಳು, ರೈಲು ಕಂಪನಿಯ ನಿರ್ದೇಶಕ. ಕಾದಂಬರಿ ಓದಿದವರಿಗೆ ಇವರೆಲ್ಲ ಹಳೇ ಪರಿಚಯ. ಇದಕ್ಕೆ ಎರಡು ಸುದ್ದಿಗಳು ಸೇರಿದವು: 1929ರಲ್ಲಿ ಇದೇ ರೈಲು ಟರ್ಕಿಯಲ್ಲಿ ದಿನಗಟ್ಟಲೆ ಹಿಮದಲ್ಲಿ ಸಿಕ್ಕಿಬಿದ್ದದ್ದು, 1932ರಲ್ಲಿ ಅಮೆರಿಕದ ವಿಮಾನಯಾನಿ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣ ಮತ್ತು ಕೊಲೆ. ಕಂಡದ್ದು, ಕೇಳಿದ್ದು, ಓದಿದ್ದು ಮೂರೂ ಕೂಡಿ 1934ರಲ್ಲಿ ಪುಸ್ತಕವಾಯಿತು.

ಆಮೇಲೆ ಸಾಲುಸಾಲು. ಉತ್ಖನನದ ಮನೆಯೊಳಗೆ ನಡೆಯುವ 'ಮರ್ಡರ್ ಇನ್ ಮೆಸೊಪೊಟೇಮಿಯಾ' (1936), ಅದರಲ್ಲಿ ಎಲ್ಲರನ್ನೂ ಬೆರಳತುದಿಯಲ್ಲಿ ಆಡಿಸುವ ಸುಂದರಿಯ ಮಾದರಿ ಕ್ಯಾಥರೀನ್ ವೂಲಿ. 1933ರ ನೈಲ್ ಪಯಣದಿಂದ 'ಡೆತ್ ಆನ್ ದಿ ನೈಲ್' (1937). ಜೋರ್ಡನ್ನಿನ ಕೆಂಪುಕಲ್ಲಿನ ನಗರ ಪೆಟ್ರಾದಲ್ಲಿ 'ಅಪಾಯಿಂಟ್‌ಮೆಂಟ್ ವಿತ್ ಡೆತ್' (1938).

ರೈಲು, ಹಡಗು, ಶಿಬಿರ. ಪತ್ತೇದಾರಿ ಕತೆಗೆ ಬೇಕಾದದ್ದು ಮುಚ್ಚಿದ ಜಾಗ: ಇಂತಿಷ್ಟೇ ಜನ, ಹೊರಗಿನವರು ಬರುವಂತಿಲ್ಲ, ಒಳಗಿನವರು ಓಡುವಂತಿಲ್ಲ. ಇಂಗ್ಲೆಂಡಿನ ಹಳ್ಳಿಯ ಬಂಗಲೆಯಲ್ಲಿ ಇದನ್ನು ಕಷ್ಟಪಟ್ಟು ಕಟ್ಟಬೇಕು. ಆದರೆ ವಸಾಹತಿನ ಪ್ರವಾಸದಲ್ಲಿ ಅದು ತಯಾರಾಗಿ ಸಿಗುತ್ತದೆ. ಫಸ್ಟ್ ಕ್ಲಾಸ್ ಬೋಗಿಯವರು, ಸ್ಟೀಮರಿನ ಮೇಲಿನ ಅಂತಸ್ತಿನವರು, ಉತ್ಖನನದ ಬಿಳಿಯ ತಜ್ಞರು ಸುತ್ತಲಿನ ಊರಿನಿಂದ ಮೊದಲೇ ಗೋಡೆ ಹಾಕಿಕೊಂಡು ಬದುಕುತ್ತಿದ್ದವರು. ಅಗಾಥಾ ಮಾಡಿದ್ದು ಆ ಗೋಡೆಯೊಳಗೆ ಒಂದು ಹೆಣ ಇಟ್ಟದ್ದು. ಇದು ಆಕೆಯ ಜಾಣ್ಮೆ. ಗೋಡೆಯಾಚೆ ಏನಿತ್ತು ಎಂಬುದು ನಮ್ಮ ಪ್ರಶ್ನೆ.

ಗೋಡೆಯಾಚೆ

ಅಲೆಪ್ಪೊ ಸ್ಟೇಷನ್ನಿಗೇ ವಾಪಸ್ ಹೋಗೋಣ. ಆ ಪ್ಲಾಟ್‌ಫಾರಂ ಮೂಲಕ ಹಾಯುವ ಬಾಗ್ದಾದ್ ರೈಲುಮಾರ್ಗ 1915ರಲ್ಲಿ ಆರ್ಮೇನಿಯನ್ನರ ನರಮೇಧಕ್ಕೆ ಬಳಕೆಯಾದ ಹಳಿ. ಕುಟುಂಬಗಳನ್ನು ದನ ಸಾಗಿಸುವ ಬೋಗಿಗಳಲ್ಲಿ ತುಂಬಿ ಇದೇ ದಾರಿಯಲ್ಲಿ ಅಲೆಪ್ಪೊ ಕಡೆಗೆ, ಅಲ್ಲಿಂದ ಮರಳುಗಾಡಿನ ಸಾವಿಗೆ ತಳ್ಳಲಾಯಿತು. ಅಗಾಥಾ ತಂಗುತ್ತಿದ್ದ ಅಲೆಪ್ಪೊದ ಬ್ಯಾರನ್ ಹೋಟೆಲಿನ ಮಾಲೀಕರೂ ಆರ್ಮೇನಿಯನ್ನರೇ.

ಈ ನೆಲಕ್ಕೂ ನಮಗೂ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಏರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಪಡೆ, ಅದೇ ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಕಾದಾಡಿತು. ಬಾಗ್ದಾದನ್ನು 1917ರಲ್ಲಿ ಗೆದ್ದ ಸೈನ್ಯದಲ್ಲಿ ದೊಡ್ಡ ಪಾಲು ಭಾರತೀಯ ಸಿಪಾಯಿಗಳದ್ದು. ಅಗಾಥಾ ಇಳಿದ ಬಾಗ್ದಾದಿನಲ್ಲಿ ಆಗ ಚಲಾವಣೆಯಲ್ಲಿದ್ದ ನಾಣ್ಯ ಭಾರತದ ರೂಪಾಯಿ, 1932ರಲ್ಲಿ ದಿನಾರ್ ಬರುವವರೆಗೂ. ಅಂದ್ರೆ ಒಬ್ಬಂಟಿ ಇಂಗ್ಲಿಷ್ ಹೆಂಗಸು ಧೈರ್ಯವಾಗಿ ಓಡಾಡಲು ಸಾಧ್ಯವಾದ ಆ ದಾರಿಯನ್ನು ಮೈಸೂರು, ಜೋಧಪುರ, ಪಂಜಾಬುಗಳ ಹುಡುಗರು ರಕ್ತ ಸುರಿಸಿ ತೆರೆದುಕೊಟ್ಟಿದ್ದರು, ಇನ್ನೊಂದು ದೇಶದ ಹೆಸರಿನಲ್ಲಿ. ಸತ್ತ ಮೈಸೂರಿನವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ನೈಲ್ ನದಿಯನ್ನೇ ತೆಗೆದುಕೊಳ್ಳಿ. ಅಗಾಥಾ ಸ್ಟೀಮರಿನಲ್ಲಿ ಸಾಗಿದ 1933ರಲ್ಲೇ ಅಸ್ವಾನ್ ಅಣೆಕಟ್ಟನ್ನು ಎರಡನೇ ಸಲ ಎತ್ತರಿಸುವ ಕೆಲಸ ಮುಗಿಯಿತು, ನುಬಿಯನ್ನರ ಹಳ್ಳಿಗಳು ನೀರುಪಾಲಾದವು. ಡೆಕ್ಕಿನ ಮೇಲಿಂದ ನೋಡುವವರಿಗೆ ದಡ ಬರೀ ಸುಂದರ ನೋಟ. ಪೆಟ್ರಾ ಕಾದಂಬರಿ ಬಂದ 1938ರಲ್ಲಿ ಪ್ಯಾಲೆಸ್ತೀನಿನ ಅರಬರು ಬ್ರಿಟಿಷ್ ಆಡಳಿತದ ವಿರುದ್ಧ ಬಂಡೆದ್ದು ಎರಡು ವರ್ಷ ಕಳೆದಿತ್ತು. ಪುಸ್ತಕದಲ್ಲಿ ಅಲ್ಲಿನ ರಾಜಕೀಯ ಕೇಳಿಸುವುದು ಪ್ರವಾಸಿಗರಿಗೆ ಬೇಸರ ತರಿಸುವ ಗೈಡ್ ಒಬ್ಬನ ಗೊಣಗಾಟವಾಗಿ ಮಾತ್ರ.

'ಮರ್ಡರ್ ಇನ್ ಮೆಸೊಪೊಟೇಮಿಯಾ'ದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಏರ್ಪಾಡಿದೆ. ಕೊಲೆ ನಡೆದಾಗ ಸ್ಥಳೀಯ ಕೆಲಸಗಾರರು ಬಾಗಿಲ ಬಳಿ ಹರಟುತ್ತಾ ಕೂತಿದ್ದರು. ಯಾರೂ ಒಳಗೆ ಹೋಗಲಿಲ್ಲ ಎಂಬ ಅವರ ಸಾಕ್ಷಿಯಿಂದ ಸಂಶಯ ಪೂರ್ತಿ ಒಳಗಿನ ಬಿಳಿಯರ ಮೇಲೆ ಬೀಳುತ್ತದೆ. ಅವರ ಮಾತನ್ನು ನಂಬಲಾಗುತ್ತದೆ, ಒಳ್ಳೆಯದೇ. ಆದರೆ ಕತೆಗೆ ಅವರಿಂದ ಬೇಕಾದದ್ದು ಅಷ್ಟೇ. ಅವರಿಗೆ ಕೊಲ್ಲುವಷ್ಟು ದ್ವೇಷ, ಪ್ರೀತಿ, ಅಸೂಯೆ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಅನುಮಾನಕ್ಕೂ ಅರ್ಹರಲ್ಲ! ಪತ್ತೇದಾರಿ ಕಾದಂಬರಿಯಲ್ಲಿ ಅನುಮಾನಕ್ಕೊಳಗಾಗುವುದು ಅಂದರೆ ಪೂರ್ಣ ಮನುಷ್ಯ ಅನಿಸಿಕೊಳ್ಳುವುದು.

ಅರಿಸ್ಟೈಡ್ ಎಂಬ ಡ್ರೈವರ್

ಹಾಗಂತ ಅಗಾಥಾ ಕುರುಡಿಯಾಗಿದ್ದರಾ? ಇಲ್ಲ. ಇಲ್ಲೇ ಅವರ ಬದುಕು ಕುತೂಹಲ ಹುಟ್ಟಿಸುವುದು.

ಎರಡನೇ ಮಹಾಯುದ್ಧದಲ್ಲಿ ಮ್ಯಾಕ್ಸ್ ದೂರದ ಉತ್ತರ ಆಫ್ರಿಕದಲ್ಲಿದ್ದಾಗ, ಲಂಡನ್ನಿನಲ್ಲಿ ಬಾಂಬುಗಳ ನಡುವೆ ಕೂತು ಸಿರಿಯಾದ ದಿನಗಳನ್ನು ನೆನೆದು ಅವರೊಂದು ಪುಸ್ತಕ ಬರೆದರು, 'ಕಮ್, ಟೆಲ್ ಮಿ ಹೌ ಯು ಲಿವ್'. 1946ರಲ್ಲಿ ಅಗಾಥಾ ಕ್ರಿಸ್ಟಿ ಮ್ಯಾಲೊವನ್ ಎಂಬ ಹೆಸರಿನಲ್ಲಿ ಬಂತು. ಚಾಗರ್ ಬಜಾರ್, ಟೆಲ್ ಬ್ರಾಕ್ ಉತ್ಖನನಗಳ ಈ ನೆನಪುಗಳಲ್ಲಿ ಕಾದಂಬರಿಗಳಲ್ಲಿ ಕಾಣದವರೆಲ್ಲ ಇದ್ದಾರೆ. ಮೇಸ್ತ್ರಿ ಹಮೂದಿ, ಚಿಲ್ಲರೆ ಉಳಿಸಲು ಹೋಗಿ ಎಡವಟ್ಟು ಮಾಡುವ ಡ್ರೈವರ್ ಮಿಶೆಲ್, ಮನೆಗೆಲಸದ ಮನ್ಸೂರ್ ಮತ್ತು ಸುಬ್ರಿ. ಕೂಲಿಯ ಜತೆ ಸಿಗುವ ಭಕ್ಷೀಸಿನ ಲೆಕ್ಕಾಚಾರ, ಅರಬ್, ಕುರ್ದ್, ಯಜೀದಿ ಕೂಲಿಗಳ ನಡುವಿನ ಜಗಳ, ತಮಾಷೆ ಎಲ್ಲವೂ ಇವೆ. ಒಡತಿಯ ದನಿ ಅಲ್ಲೂ ಪೂರ್ತಿ ಹೋಗಿಲ್ಲ. ಆದರೂ ಇವರಿಗೆ ಹೆಸರಿದೆ, ಸಿಟ್ಟಿದೆ, ಹಟವಿದೆ.

ಅವರಲ್ಲೊಬ್ಬ ಅರಿಸ್ಟೈಡ್, ಆರ್ಮೇನಿಯನ್ ಡ್ರೈವರ್. ಸದಾ ನಗುಮೊಗದ ಯುವಕ. ಅವನು ಏಳು ವರ್ಷದವನಿದ್ದಾಗ ಅಪ್ಪ, ಅಮ್ಮ, ಒಡಹುಟ್ಟಿದವರ ಕೊಲೆಯಾಗಿತ್ತು. ಹೆಣಗಳ ನಡುವೆ ಉಸಿರಾಡುತ್ತಿದ್ದವನನ್ನು ಅರಬ್ ಬುಡಕಟ್ಟಿನವರು ಎತ್ತಿಕೊಂಡು ಹೋಗಿ ಸಾಕಿದರು. ಇದನ್ನು ಅವನು ಹೇಳಿದ, ಅಗಾಥಾ ಬರೆದಿಟ್ಟರು.

ಯೋಚಿಸಿ. ಆಕೆ ತಮ್ಮ ಎಲ್ಲಾ ಪಯಣಗಳಲ್ಲಿ ಎದುರಾದ ಅತಿ ದೊಡ್ಡ ಅಪರಾಧ ಇದು. ಸಾಕ್ಷಿ ಪಕ್ಕದ ಸೀಟಿನಲ್ಲೇ ಸ್ಟಿಯರಿಂಗ್ ಹಿಡಿದು ಕೂತಿದ್ದಾನೆ. ಕೊಂದವರು ಯಾರೆಂಬುದರಲ್ಲಿ ರಹಸ್ಯವೇ ಇಲ್ಲ. ಆದರೆ ಇದು ಪತ್ತೇದಾರಿ ಕಾದಂಬರಿ ಆಗಲಾರದು. ಆ ಪ್ರಕಾರಕ್ಕೆ ಬೇಕಾದದ್ದು ಒಂದು ಹೆಣ, ಹತ್ತು ಹನ್ನೆರಡು ಶಂಕಿತರು, ಕೊನೆಯಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸಿ ಸತ್ಯ ಹೇಳುವ ಜಾಣ. ಪ್ರಭುತ್ವವೇ ಕೊಂದಾಗ, ಕೊಂದವರು ಯಾರೆಂದು ಊರಿಗೆಲ್ಲ ಗೊತ್ತಿದ್ದಾಗ ಪ್ವಾರೋ ಏನು ಮಾಡಿಯಾನು? ಗುಂಪುಹತ್ಯೆಗಳ ವಿಡಿಯೋಗಳು ಮೊಬೈಲಿನಲ್ಲೇ ಇದ್ದೂ ನ್ಯಾಯ ಸಿಗದ ಕಾಲದಲ್ಲಿ ಬದುಕುತ್ತಿರುವ ನಮಗೆ ಈ ಮಿತಿ ಅರ್ಥವಾಗುವುದು ಕಷ್ಟವೇನಲ್ಲ.

ಇನ್ನೊಂದು ವಿಚಿತ್ರ ನೋಡಿ. ಒಂದೇ ಒಂದು ಕಾದಂಬರಿಯಲ್ಲಿ ಅಗಾಥಾ ಎಲ್ಲಾ ಪಾತ್ರಗಳನ್ನೂ ಈಜಿಪ್ಟಿನವರನ್ನಾಗಿ ಮಾಡಿದರು. ಕೊಲೆಗಾರ, ಸತ್ತವರು, ಪತ್ತೆ ಹಚ್ಚುವವರು ಎಲ್ಲರೂ ನೆಲದ ಮಕ್ಕಳೇ. ಅದು 1944ರ 'ಡೆತ್ ಕಮ್ಸ್ ಆಸ್ ದಿ ಎಂಡ್'. ಆದರೆ ಕತೆ ನಡೆಯುವುದು ಕ್ರಿಸ್ತಪೂರ್ವ 2000ದ ಸುಮಾರಿಗೆ. ಈಜಿಪ್ಟಿನವರು ಆಸೆ, ಸೇಡು, ಬುದ್ಧಿ ಇರುವ ಪೂರ್ಣ ಮನುಷ್ಯರಾಗಲು ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಅಪರಾಧಿ ನಮ್ಮವನೇ

ಇಷ್ಟು ಹೇಳಿದ ಮೇಲೆ ಅಗಾಥಾ ಬರೆದದ್ದನ್ನು ಮೂಲೆಗೆ ಎಸೆಯಿರಿ ಅಂತ ಹೇಳಬೇಕಾ? ಅದು ಸುಲಭದ ದಾರಿ. ಆಕೆಯ ಬರಹದಲ್ಲಿ ವರ್ಣಭೇದ, ಯಹೂದಿ ದ್ವೇಷದ ಮಾತುಗಳು ಇದ್ದದ್ದು ನಿಜ. 1939ರ ಅತಿ ಪ್ರಸಿದ್ಧ ಕಾದಂಬರಿ ಕಪ್ಪು ಜನರನ್ನು ಹೀಯಾಳಿಸುವ ಶೀರ್ಷಿಕೆ ಹೊತ್ತೇ ಬ್ರಿಟನ್ನಿನಲ್ಲಿ ದಶಕಗಳ ಕಾಲ ಮಾರಾಟವಾಯಿತು. 'ಆ್ಯಂಡ್ ದೆನ್ ದೇರ್ ವರ್ ನನ್' ಎಂಬುದು ಆಮೇಲೆ ಗಟ್ಟಿಯಾದ ಹೆಸರು.

ಅದೇ ಪುಸ್ತಕಗಳಲ್ಲಿ ಇನ್ನೊಂದು ಎಳೆಯೂ ಇದೆ. ಕೊಲೆಯಾದ ತಕ್ಷಣ ಇಂಗ್ಲಿಷ್ ಪಾತ್ರಗಳು ಬೆರಳು ತೋರಿಸುವುದು ಹೊರಗಿನವರತ್ತ. ಇಟಲಿಯವನಿರಬೇಕು, ಚಾಕು ಅವರ ಆಯುಧ ತಾನೇ, ಯಾರೋ ಅರಬ ನುಗ್ಗಿರಬೇಕು ಎಂಬ ಧಾಟಿ. ಓದುಗರ ಪೂರ್ವಗ್ರಹಕ್ಕೆ ಗಾಳ ಹಾಕಿ, ಕೊನೆಗೆ ಅದನ್ನೇ ಮುರಿಯುವುದು ಅಗಾಥಾ ಮತ್ತೆ ಮತ್ತೆ ಆಡಿದ ಆಟ. ಕೊಂದವರು ಹೆಚ್ಚಾಗಿ ಮರ್ಯಾದಸ್ಥರು. ವೈದ್ಯರು, ವಕೀಲರು, ಒಳ್ಳೆ ಮನೆತನದವರು. ಅವರನ್ನು ಹಿಡಿಯುವವನು ಉಚ್ಚಾರಣೆಯ ಕಾರಣಕ್ಕೇ ನಗೆಪಾಟಲಾಗುವ ನಿರಾಶ್ರಿತ. ಮೆಸೊಪೊಟೇಮಿಯಾದ ಕಾದಂಬರಿಯಲ್ಲೂ ಅಗೆತದಲ್ಲಿ ಸಿಕ್ಕ ಚಿನ್ನದ ವಸ್ತುಗಳನ್ನು ಕದ್ದು ನಕಲಿ ಇಡುವವನು ಯುರೋಪಿನ ತಜ್ಞನ ವೇಷದವನೇ ಹೊರತು ಸ್ಥಳೀಯ ಕೂಲಿಯಲ್ಲ. ಕಳ್ಳ ತಜ್ಞನನ್ನು ಕಾಣಬಲ್ಲ ಕಣ್ಣು ಅವರಿಗಿತ್ತು. ಕಾನೂನುಬದ್ಧವಾಗಿಯೇ ಗಡಿ ದಾಟಿ ಹೋಗುತ್ತಿದ್ದ ವಸ್ತುಗಳ ಬಗ್ಗೆ ಪ್ರಶ್ನೆ ಏಳಲಿಲ್ಲ.

1949ರಿಂದ ಇರಾಕಿನ ನಿಮ್ರುದ್‌ನಲ್ಲಿ ಮ್ಯಾಕ್ಸ್ ದೊಡ್ಡ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ಅಸ್ಸೀರಿಯನ್ನರ ಕಾಲದ ದಂತದ ಕೆತ್ತನೆಗಳನ್ನು ಅಗಾಥಾ ಹೆಣಿಗೆ ಕಡ್ಡಿ ಮತ್ತು ತಮ್ಮ ಮುಖಕ್ಕೆ ಹಚ್ಚುವ ಕ್ರೀಮಿನಿಂದ ತಾಳ್ಮೆಯಾಗಿ ಶುಚಿ ಮಾಡಿದರು. ಮಣ್ಣಿನ ಇಟ್ಟಿಗೆಯ ಒಂದು ಪುಟ್ಟ ಕೋಣೆ ಕಟ್ಟಿಸಿಕೊಂಡು, ಅಗಾಥಾಳ ಮನೆ ಎಂಬರ್ಥದ 'ಬೈತ್ ಅಗಾಥಾ' ಅಂತ ಹೆಸರಿಟ್ಟು, 1950ರಲ್ಲಿ ಅಲ್ಲೇ ಆತ್ಮಕತೆ ಬರೆಯಲು ಕೂತರು. 1958ರಲ್ಲಿ ಇರಾಕಿನ ಸೇನಾಧಿಕಾರಿಗಳು ಬ್ರಿಟಿಷ್ ಪರ ರಾಜಪ್ರಭುತ್ವವನ್ನು ಉರುಳಿಸಿದರು. ಅಲ್ಲಿಂದ ಎರಡು ಮೂರು ವರ್ಷಗಳಲ್ಲಿ ಅವರ ನಿಮ್ರುದ್ ದಿನಗಳೂ ಮುಗಿದವು. 1976ರ ಜನವರಿ 12ರಂದು ಇಂಗ್ಲೆಂಡಿನ ವಾಲಿಂಗ್‌ಫರ್ಡ್‌ನ ಮನೆಯಲ್ಲಿ 85ರ ವಯಸ್ಸಿನಲ್ಲಿ ಅಗಾಥಾ ತೀರಿಕೊಂಡರು. ಮುಂದಿನ ವರ್ಷ ಆತ್ಮಕತೆ ಬಂತು.

2011ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸುಮಾರು 12 ಲಕ್ಷ ಪೌಂಡ್ ಕೊಟ್ಟು ನಿಮ್ರುದ್ ದಂತದ ಸಾವಿರಾರು ತುಣುಕುಗಳನ್ನು ತನ್ನದಾಗಿಸಿಕೊಂಡಿತು. ಅಗಾಥಾ ಶುಚಿ ಮಾಡಿದ್ದವು ಎಂಬುದೇ ಆಗ ದೊಡ್ಡ ಸುದ್ದಿ. ಮಣ್ಣು ಅಗೆದು ಅವನ್ನು ಮೇಲೆ ತಂದ ಇರಾಕಿ ಕೂಲಿಗಳು ಸುದ್ದಿಯಾಗಲಿಲ್ಲ. 2015ರಲ್ಲಿ ಐಸಿಸ್ ನಿಮ್ರುದ್‌ನ ಅರಮನೆಯನ್ನು ಸ್ಫೋಟಿಸಿತು. ಆಕೆ ಬರೆದ ಅಲೆಪ್ಪೊ, ಮೋಸುಲ್ ಎರಡೂ ಯುದ್ಧದಲ್ಲಿ ಛಿದ್ರವಾದವು. ಗಡಿಗಳನ್ನು ಗೀಚಿಹೋದವರ ಪಾಲು ಅದರಲ್ಲಿ ಎಷ್ಟು ಎಂಬ ತನಿಖೆ ಇನ್ನೂ ಮುಗಿದಿಲ್ಲ.

ಅಗಾಥಾ ಕಾದಂಬರಿಗಳನ್ನು ಖಂಡಿತ ಓದಿ, ಮಜಾ ಇದೆ. ಕೊಲೆಗಾರ ಯಾರೆಂದು ತಲೆ ಕೆರೆದುಕೊಳ್ಳುವಾಗಲೇ ಚಹಾ ತಂದಿಟ್ಟವರು ಯಾರು, ಹಳಿ ಹಾಸಿದವರು ಯಾರು, ದೋಣಿ ತಳ್ಳಿದವರು ಯಾರು ಎಂದೂ ಕೇಳಿಕೊಳ್ಳಿ. ಆಮೇಲೆ ಸಿರಿಯಾದ ಆ ನೆನಪಿನ ಪುಸ್ತಕ ಹುಡುಕಿ. ಅರಿಸ್ಟೈಡ್ ಅದರಲ್ಲಿದ್ದಾನೆ.